ಎರಡೇ ಬೋಗಿಯ ರೈಲಿನಲ್ಲಿ ಪೋರ್ಟ್‌ಲ್ಯಾಂಡ್

ಕಾರು ಓಡಿಸಲು ಬಾರದವರು ಅಮೆರಿಕಕ್ಕೆ ಹೋದರೆ ಮತ್ತೆ ಚಿಕ್ಕ ಮಕ್ಕಳಾಗುತ್ತಾರೆ. ಹಿಂದಿನ ಸಲ ಹೋದಾಗ ಮಗಳು ಬೇರೊಂದು ರಾಜ್ಯದಲ್ಲಿದ್ದಳು. ಎರಡು ತಿಂಗಳು ನಾನು ಕಿಟಕಿಯಲ್ಲಿ ಕೂತು ಅಳಿಲು ಎಣಿಸಿದೆ. ಒಂದು ಕಟ್ಟು ಕೊತ್ತಂಬರಿ ಬೇಕೆಂದರೂ ಅವಳು ಆಫೀಸಿನಿಂದ ಬಂದು, ಕಾಫಿ ಕುಡಿದು, "ಹೋಗೋಣ್ವಾ ಅಮ್ಮಾ" ಅನ್ನುವ ತನಕ ಕಾಯಬೇಕು. ಮೂವತ್ತಮೂರು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು, ದಿನಾ ಎರಡು ಬಸ್ಸು ಬದಲಿಸಿ ಓಡಾಡಿದವಳು ನಾನು. ಅಳಿಲು ಎಣಿಸಿ ಎಣಿಸಿ ಸಾಕಾಯಿತು.

ಈಗ ಅವಳು ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್ ಪಕ್ಕದ ಹಿಲ್ಸ್‌ಬರೋಗೆ ಬಂದಿದ್ದಾಳೆ. "ಮನೆಯಿಂದ ಏಳು ನಿಮಿಷ ನಡೆದರೆ ರೈಲಿದೆ ಅಮ್ಮಾ" ಅಂದಳು ಫೋನಿನಲ್ಲಿ. ಟಿಕೆಟ್ ಮಾಡಿಸು ಅಂದೆ. 2024ರ ಸೆಪ್ಟೆಂಬರ್‌ನಲ್ಲಿ ಹೊರಟೆ.

ಮೊದಲ ದಿನ, ಭಾನುವಾರ

ಪೋರ್ಟ್‌ಲ್ಯಾಂಡ್ ವಿಮಾನ ನಿಲ್ದಾಣದ ಹೊಸ ಟರ್ಮಿನಲ್ ಆಗಷ್ಟೇ, ಹಿಂದಿನ ತಿಂಗಳು ತೆರೆದಿತ್ತು. ತಲೆಯ ಮೇಲೆ ಎಕರೆಗಟ್ಟಲೆ ಮರದ ಚಾವಣಿ. ಕೆಳಗೆ ಹಸಿರು ಬಣ್ಣದ ಕಾರ್ಪೆಟ್. ಜನ ಆ ಕಾರ್ಪೆಟ್ ಮೇಲೆ ತಮ್ಮ ಪಾದ ಇಟ್ಟು ಫೋಟೋ ತೆಗೆಯುತ್ತಿದ್ದರು. ಯಾಕೆ ಅಂತ ಕೇಳಿದೆ. "ಇಲ್ಲಿಯವರಿಗೆ ಅದೊಂದು ಹುಚ್ಚು" ಅಂದಳು ಮಗಳು.

ಅಳಿಯಂದಿರು ಕಾರು ತೆಗೆದುಕೊಂಡು ಕೆಲಸದ ಮೇಲೆ ಸಿಯಾಟಲ್‌ಗೆ ಹೋಗಿದ್ದರು. ಹಾಗಾಗಿ ಮಗಳು ರೈಲಿನಲ್ಲೇ ಬಂದಿದ್ದಳು. ಟರ್ಮಿನಲ್‌ನ ಒಂದು ತುದಿಗೆ ನಡೆದರೆ ಅಲ್ಲೇ ರೈಲು ನಿಂತಿದೆ. ಮೆಟ್ಟಿಲಿಲ್ಲ, ಗೇಟಿಲ್ಲ, ಬ್ಯಾಗು ಸ್ಕ್ಯಾನ್ ಮಾಡುವವರಿಲ್ಲ. ಪ್ಲಾಟ್‌ಫಾರ್ಮಿನಲ್ಲಿ ಒಂದು ಕಂಬ, ಅದಕ್ಕೊಂದು ಪುಟ್ಟ ಯಂತ್ರ. ಹಾಪ್ ಅನ್ನುವ ಕಾರ್ಡನ್ನು ಅದಕ್ಕೆ ತಾಗಿಸಿದರೆ ಟುಂಯ್ ಅನ್ನುತ್ತದೆ. ಅಷ್ಟೇ. 2.80 ಡಾಲರ್‌ಗೆ ಎರಡೂವರೆ ಗಂಟೆ ಎಲ್ಲಿ ಬೇಕಾದರೂ ಹತ್ತಿ ಇಳಿಯಬಹುದು. ಎರಡನೇ ಸಲ ದುಡ್ಡು ಕಟ್ಟಿದಿರಾ, 5.60 ಆಯಿತು. ಆಮೇಲೆ ಇಡೀ ದಿನ ಪುಕ್ಕಟೆ. 65 ದಾಟಿದವರಿಗೆ ಇನ್ನೂ ಕಡಿಮೆ. ನನಗೆ ಇನ್ನೆರಡು ವರ್ಷ ಬಾಕಿ. ವಯಸ್ಸಾಗಲಿಲ್ಲವಲ್ಲ ಅಂತ ಬೇಜಾರಾಗಿದ್ದು ಅದೇ ಮೊದಲು.

ಇದರ ಹೆಸರು ಮ್ಯಾಕ್ಸ್. ನಡೆಸುವ ಸಂಸ್ಥೆ ಟ್ರೈಮೆಟ್. ನಾವು ಹತ್ತಿದ್ದು ರೆಡ್ ಲೈನ್. ಈ ವಿಮಾನ ನಿಲ್ದಾಣದ ತುಂಡು ಶುರುವಾಗಿದ್ದು 2001ರ ಸೆಪ್ಟೆಂಬರ್ 10ಕ್ಕೆ. ವಾರದ ಕೊನೆಗೆ ದೊಡ್ಡ ಸಮಾರಂಭ ಇಟ್ಟುಕೊಂಡಿದ್ದರಂತೆ. ಮರುದಿನ ಬೆಳಿಗ್ಗೆ ನ್ಯೂಯಾರ್ಕಿನಲ್ಲಿ ಏನಾಯಿತೆಂದು ಜಗತ್ತಿಗೇ ಗೊತ್ತು. ಸಮಾರಂಭ ರದ್ದಾಯಿತು. ವಿಮಾನಗಳೇ ಹಾರದ ನಿಲ್ದಾಣಕ್ಕೆ ಹೊಚ್ಚ ಹೊಸ ರೈಲು ಹೋಗಿ ಬರುತ್ತಿತ್ತು.

ಮಗಳ ಮನೆ ಇರುವುದು ಊರಿನ ಇನ್ನೊಂದು ತುದಿಯಲ್ಲಿ. "ಹೋದ ತಿಂಗಳವರೆಗೂ ಬೀವರ್ಟನ್‌ನಲ್ಲಿ ಇಳಿದು ಬೇರೆ ರೈಲು ಹತ್ತಬೇಕಿತ್ತು. ಈಗ ರೆಡ್ ಲೈನ್ ನಮ್ಮ ಕಡೆಗೂ ಬರುತ್ತೆ" ಅಂದಳು. ಒಂದೂವರೆ ಗಂಟೆಯ ದಾರಿ. ವಿಮಾನದಲ್ಲಿ ಕೂತೂ ಕೂತೂ ಸೊಂಟ ಹಿಡಿದಿದ್ದರೂ ನಾನು ಕಣ್ಣು ಮುಚ್ಚಲಿಲ್ಲ. ಯಾಕೆಂದರೆ ಈ ರೈಲು ದಾರಿಯುದ್ದಕ್ಕೂ ವೇಷ ಬದಲಿಸುತ್ತಿತ್ತು. ಮೊದಲು ಹೆದ್ದಾರಿಯ ಪಕ್ಕದಲ್ಲಿ ಕಾರುಗಳ ಜೊತೆ ಪಂದ್ಯ ಕಟ್ಟಿದ ಹಾಗೆ ಓಡಿತು. ಆಮೇಲೆ ಒಂದು ಹಳೇ ಕಬ್ಬಿಣದ ಸೇತುವೆಯ ಮೇಲೆ ಗರ್ಭಿಣಿಯ ಹಾಗೆ ನಡೆಯಿತು. ಪೇಟೆಯೊಳಗೆ ಬಂದ ಮೇಲೆ ಕೆಂಪು ದೀಪ ಬಿದ್ದರೆ ಕಾರುಗಳ ಜೊತೆ ತಾನೂ ನಿಂತಿತು. ನಾಯಿ ಹಿಡಿದುಕೊಂಡು ರಸ್ತೆ ದಾಟುವವನಿಗೆ ಗಂಟೆ ಹೊಡೆಯಿತು. ಕೊನೆಗೆ ಒಂದು ಗುಡ್ಡದೊಳಗೆ ನುಗ್ಗಿ ಮೆಟ್ರೋ ಆಯಿತು.

ಲೈಟ್ ರೈಲು ಅಂದರೆ ಇದೇ. ಹಗುರ ಅನ್ನುವುದು ಬೋಗಿಯ ತೂಕದ ಮಾತಲ್ಲ. ಪೂರ್ತಿ ಮೆಟ್ರೋದ ಹಾಗೆ ಉದ್ದಕ್ಕೂ ಸೇತುವೆ, ಸುರಂಗ ಕಟ್ಟಬೇಕಿಲ್ಲ, ಖರ್ಚು ಕಡಿಮೆ. ಟ್ರಾಮ್‌ನ ಹಾಗೆ ಉದ್ದಕ್ಕೂ ರಸ್ತೆಯಲ್ಲೇ ಸಿಕ್ಕಿಹಾಕಿಕೊಳ್ಳಬೇಕಾಗಿಯೂ ಇಲ್ಲ. ಎರಡರ ಮಧ್ಯದ್ದು. ಎರಡರ ಕಷ್ಟವೂ ಇದಕ್ಕಿದೆ ಅನ್ನುವುದು ಮೂರನೇ ದಿನ ಗೊತ್ತಾಯಿತು.

ಎರಡನೇ ದಿನ

ನಿದ್ದೆ. ಸಂಜೆ ಎದ್ದು ಒರೆಂಕೋ ನಿಲ್ದಾಣದ ತನಕ ನಡೆದು ಬಂದೆ. ಹೆಸರು ವಿಚಿತ್ರ ಅನ್ನಿಸಿ ಕೇಳಿದರೆ, ನೂರು ವರ್ಷದ ಹಿಂದೆ ಇಲ್ಲಿ 'ಒರೆಗಾನ್ ನರ್ಸರಿ ಕಂಪನಿ' ಅಂತ ಗಿಡ ಬೆಳೆಸುವ ಕಂಪನಿ ಇತ್ತಂತೆ. ಆ ಮೂರು ಪದಗಳ ತಲೆ ಕತ್ತರಿಸಿ ಅಂಟಿಸಿದ್ದೇ ಒರೆಂಕೋ. ರೈಲು ಬರುತ್ತದೆ ಅಂತ ಗೊತ್ತಾದ ಮೇಲೆ ನಿಲ್ದಾಣದ ಸುತ್ತ ಒತ್ತೊತ್ತಾಗಿ ಮನೆ, ಅಂಗಡಿ, ನಡೆಯುವ ದಾರಿ ಕಟ್ಟಿದ್ದಾರೆ. ಊರಿಗೆ ರೈಲು ಬರುವುದು ನೋಡಿದ್ದೆ. ರೈಲಿಗಾಗಿ ಊರೇ ಬಂದಿದ್ದು ಇಲ್ಲಿ ನೋಡಿದೆ.

ಮೂರನೇ ದಿನ

ಮಗಳು ಆಫೀಸಿಗೆ ಹೊರಡುವ ಮೊದಲೇ ನಾನು ಹೊರಟೆ. "ಫೋನ್ ಚಾರ್ಜ್ ಇದ್ಯಾ? ಒಬ್ಬಳೇ ಹೋಗ್ತೀಯಾ?" ಅಂತ ಹತ್ತು ಸಲ ಕೇಳಿದಳು. ಅವಳು ಒಂದನೇ ಕ್ಲಾಸಿಗೆ ಹೋಗುವಾಗ ನಾನು ಹೀಗೇ ಕೇಳಿದ್ದು ನೆನಪಾಯಿತು.

ಪಯೋನೀರ್ ಚೌಕದಲ್ಲಿ ಇಳಿದೆ. ಊರಿನ ನಡುಮನೆ ಅನ್ನುತ್ತಾರೆ ಇದನ್ನು. ಇಟ್ಟಿಗೆ ಹಾಸಿದ ದೊಡ್ಡ ಅಂಗಳ. ಬಗ್ಗಿ ನೋಡಿದರೆ ಒಂದೊಂದು ಇಟ್ಟಿಗೆಯ ಮೇಲೂ ಒಂದೊಂದು ಹೆಸರು. ಕಟ್ಟುವಾಗ ದುಡ್ಡು ಕೊಟ್ಟವರ ಹೆಸರುಗಳು. 1984ರಲ್ಲಿ ಇದು ತೆರೆಯುವ ಮೊದಲು ಇಲ್ಲಿ ಕಾರು ನಿಲ್ಲಿಸುವ ಕಟ್ಟಡ ಇತ್ತು. ಚೌಕದ ಒಂದು ಬದಿಯ ರಸ್ತೆಯಲ್ಲಿ ಪಶ್ಚಿಮಕ್ಕೆ ಹೋಗುವ ರೈಲು, ಇನ್ನೊಂದು ಬದಿಯಲ್ಲಿ ಪೂರ್ವಕ್ಕೆ. ಚೌಕದ ಮೂಲೆಯಲ್ಲಿ, ಹಳೇ ಕೋರ್ಟ್ ಕಟ್ಟಡದ ಎದುರು, ದಕ್ಷಿಣ–ಉತ್ತರದ ರೈಲುಗಳು ಅಡ್ಡ ಹಾಯುತ್ತವೆ. ಮೆಟ್ಟಿಲ ಮೇಲೆ ಕೂತು ಚಪಾತಿ ಸುರುಳಿ ತಿನ್ನುತ್ತಾ ನೋಡುತ್ತಿದ್ದೆ.

ಒಂದು ಗಂಟೆ ನೋಡಿದರೂ ಎಲ್ಲ ರೈಲಿಗೂ ಎರಡೇ ಬೋಗಿ. ಬೆಳಿಗ್ಗೆ ನಿಲ್ಲಲೂ ಜಾಗವಿರಲಿಲ್ಲ. ಮೂರನೇದು ಸೇರಿಸಬಾರದಾ? ಉತ್ತರ ನನ್ನ ಕಾಲ ಕೆಳಗೇ ಇತ್ತು. ಪಾದಚಾರಿ ದಾರಿಯಲ್ಲಿ ಒಂದು ತಿರುವಿನಿಂದ ಇನ್ನೊಂದು ತಿರುವಿಗೆ ಹೆಜ್ಜೆ ಹಾಕಿ ಎಣಿಸಿದೆ. ಎಂಬತ್ತರ ಸುಮಾರು. ನನ್ನ ಹೆಜ್ಜೆ ಎರಡೂವರೆ ಅಡಿ. ಅಲ್ಲಿಗೆ 200 ಅಡಿ. ಪೋರ್ಟ್‌ಲ್ಯಾಂಡಿನ ನಡು ಪೇಟೆಯಲ್ಲಿ ಅಡ್ಡರಸ್ತೆಗಳ ನಡುವಿನ ಚೌಕಗಳೆಲ್ಲ ಹೀಗೆ 200 ಅಡಿಯವು. ಬೇರೆ ಅಮೆರಿಕನ್ ಊರುಗಳಿಗೆ ಹೋಲಿಸಿದರೆ ತುಂಬಾ ಚಿಕ್ಕವು. ಹತ್ತೊಂಬತ್ತನೇ ಶತಮಾನದಲ್ಲಿ ಸೈಟು ಅಳೆದವರು ಮೂಲೆ ಸೈಟು ಜಾಸ್ತಿ ಬಂದರೆ ಜಾಸ್ತಿ ದುಡ್ಡು ಅಂದುಕೊಂಡು ಹೀಗೆ ಮಾಡಿದರು ಅನ್ನುವ ಮಾತಿದೆ. ಕಾರಣ ಏನೇ ಇರಲಿ, ಒಂದು ಬೋಗಿ 90ರಿಂದ 95 ಅಡಿ. ಎರಡು ಸೇರಿದರೆ ಚೌಕದೊಳಗೆ ಅಳೆದು ಇಟ್ಟ ಹಾಗೆ ಕೂರುತ್ತದೆ. ಮೂರಾದರೆ ನಿಲ್ದಾಣದಲ್ಲಿ ನಿಂತಾಗ ಬಾಲ ಹಿಂದಿನ ಅಡ್ಡರಸ್ತೆಯನ್ನು ಮುಚ್ಚುತ್ತದೆ. ರೈಲೇ ಕಾಣದ ಕಾಲದಲ್ಲಿ ಯಾರೋ ಸರಪಳಿ ಎಳೆದು ಗುರುತು ಮಾಡಿದ್ದು, ಇವತ್ತು ಬೆಳಿಗ್ಗೆ ನನ್ನನ್ನು ಒಬ್ಬರ ಬೆನ್ನುಚೀಲಕ್ಕೆ ಮುಖ ಒತ್ತಿಕೊಂಡು ನಿಲ್ಲಿಸಿತ್ತು.

ಮಧ್ಯಾಹ್ನ ನದಿ ದಂಡೆಗೆ ಹೋದೆ. ವಿಲಾಮೆಟ್ ನದಿ. ದಂಡೆಯುದ್ದಕ್ಕೂ ಹುಲ್ಲು, ಮರ, ಸೈಕಲ್ಲು. ಇಲ್ಲಿ ಮೊದಲು ಹಾರ್ಬರ್ ಡ್ರೈವ್ ಅನ್ನುವ ದೊಡ್ಡ ರಸ್ತೆ ಇತ್ತು. 1974ರಲ್ಲಿ ಅದನ್ನು ಮುಚ್ಚಿ ಕಿತ್ತು ಹಾಕಿ, ಆಮೇಲೆ ಉದ್ಯಾನ ಮಾಡಿದರು. ಆಗಿನ ಗವರ್ನರ್ ಟಾಮ್ ಮೆಕಾಲ್ ಹೆಸರನ್ನೇ ಈಗ ಉದ್ಯಾನಕ್ಕೆ ಇಟ್ಟಿದ್ದಾರೆ. ರಸ್ತೆ ಕಿತ್ತದ್ದಕ್ಕೆ ಹೆಸರು ಗಳಿಸಿದ ರಾಜಕಾರಣಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ದಂಡೆಯ ಉತ್ತರಕ್ಕೆ ನಡೆದರೆ ಮೊದಲ ದಿನ ರೈಲು ಮೆಲ್ಲಗೆ ದಾಟಿದ ಸೇತುವೆ. ಹೆಸರೂ ಸ್ಟೀಲ್ ಬ್ರಿಡ್ಜ್ ಅಂತಲೇ. 1912ರದ್ದು. ಎರಡು ಅಂತಸ್ತು. ಮೇಲೆ ಮ್ಯಾಕ್ಸ್, ಕಾರು, ಬಸ್ಸು. ಕೆಳಗೆ ಗೂಡ್ಸ್ ರೈಲಿನ ಹಳಿ, ಅದರ ಪಕ್ಕ ನಡೆಯುವ ದಾರಿ. ನಾನು ಅಲ್ಲಿಗೆ ಮುಟ್ಟುವ ಹೊತ್ತಿಗೆ ಗಂಟೆ ಬಾರಿಸಿ ಗೇಟು ಬಿತ್ತು. ಒಂದು ದೋಣಿ ಬರುತ್ತಿತ್ತು. ಕೆಳಗಿನ ಅಂತಸ್ತು ಒಂದೇ ತುಂಡಾಗಿ ಮೇಲಕ್ಕೆ ಏಳತೊಡಗಿತು. ಅದರ ಕಂಬಗಳು ಮೇಲಿನ ಅಂತಸ್ತಿನ ಕಂಬಗಳೊಳಗೆ, ಡಬ್ಬಿಯೊಳಗೆ ಡಬ್ಬಿ ಸೇರಿಸಿದ ಹಾಗೆ, ಸದ್ದಿಲ್ಲದೆ ಸೇರಿಕೊಂಡವು. ನೀರಿನ ಹನಿಗಳು ತೊಟ್ಟಿಕ್ಕುತ್ತಿದ್ದವು. ಮೇಲಿನ ಅಂತಸ್ತು ಮಾತ್ರ ಅಲ್ಲಾಡಲಿಲ್ಲ. ಅದರ ಮೇಲೆ ನೀಲಿ ಬೋರ್ಡಿನ ರೈಲೊಂದು ತನ್ನ ಪಾಡಿಗೆ ಹೋಯಿತು. ಕೆಳಗೆ ದೋಣಿ, ಮೇಲೆ ರೈಲು, ನಡುವೆ ಮಡಚಿಟ್ಟ ಒಂದು ಸೇತುವೆ. ಹೀಗೆ ಎರಡು ಅಂತಸ್ತೂ ಬೇರೆ ಬೇರೆಯಾಗಿ ಏಳುವ ಸೇತುವೆ ಜಗತ್ತಿನಲ್ಲಿ ಇದೊಂದೇ.

ಚಂದವೇನೋ ಸರಿ. ಐದು ಲೈನ್‌ಗಳಲ್ಲಿ ನಾಲ್ಕು ಈ ಮುದುಕ ಸೇತುವೆಯನ್ನೇ ದಾಟಬೇಕು, ಎರಡೇ ಹಳಿಯಲ್ಲಿ. ದೊಡ್ಡ ಹಡಗು ಬಂದು ಮೇಲಿನದೂ ಎದ್ದರೆ ನಾಲ್ಕೂ ದಿಕ್ಕಿಗೆ ರೈಲು ಸಾಲುಗಟ್ಟುತ್ತವೆ. ಹೆಚ್ಚು ಬೋಗಿ ಹಾಕಲು ಪೇಟೆಯ ಚೌಕ ಬಿಡುವುದಿಲ್ಲ, ಹೆಚ್ಚು ರೈಲು ಬಿಡಲು ಸೇತುವೆ ಬಿಡುವುದಿಲ್ಲ. ಪರೀಕ್ಷೆಗೆ ಕೊಡಬಹುದಾದ ಲೆಕ್ಕ.

ನಾಲ್ಕನೇ ದಿನ

ಪೂರ್ವದ ಕೊನೆ, ಗ್ರೆಶಮ್. ಅಲ್ಲಿಗೆ ಹೋಗುವುದು ಬ್ಲೂ ಲೈನ್. ನಿನ್ನೆ ಒಬ್ಬಳೇ ಓಡಾಡಿ ಬಂದ ಜಂಬ ತಲೆಗೇರಿತ್ತು. ಬಂದ ರೈಲು ಹತ್ತಿ ಕೂತುಬಿಟ್ಟೆ. ಗೇಟ್‌ವೇ ನಿಲ್ದಾಣ ದಾಟಿ ರೈಲು ಎಡಕ್ಕೆ ವಾಲಿದಾಗ ಎದುರಿನ ಬೋರ್ಡು ನೋಡಿದೆ. ರೆಡ್. ಎದುರು ಸೀಟಿನ ಹುಡುಗನ ಸೂಟ್‌ಕೇಸ್ ನೋಡಿಯೂ ನನಗೆ ಹೊಳೆದಿರಲಿಲ್ಲ.

ಮುಂದಿನ ನಿಲ್ದಾಣದಲ್ಲಿ ಇಳಿದೆ. ಅದೋ ಹೆದ್ದಾರಿಗಳ ಮಧ್ಯದ ದ್ವೀಪ. ಕಾರುಗಳ ಸದ್ದಿಗೆ ಕಿವಿ ತುಂಬಿಹೋಯಿತು. ವಾಪಸ್ ಹೊರಟ ರೈಲು ಗೇಟ್‌ವೇಗೆ ಬಂದಾಗ ಹಳೇ ಪ್ಲಾಟ್‌ಫಾರ್ಮಿಗೆ ಹೋಗಲೇ ಇಲ್ಲ. ಸ್ವಲ್ಪ ಉತ್ತರಕ್ಕೆ ಸಿಮೆಂಟಿನ ವಾಸನೆ ಇನ್ನೂ ಹೋಗಿರದ ಇನ್ನೊಂದು ಪ್ಲಾಟ್‌ಫಾರ್ಮಿನಲ್ಲಿ ನಿಂತಿತು. ರೆಡ್ ಲೈನ್‌ನ ಹೊಸ ಕೆಲಸದ ಗುಟ್ಟು ಇಲ್ಲಿತ್ತು. ಮೊದಲು ವಿಮಾನ ನಿಲ್ದಾಣದ ದಾರಿಯಲ್ಲಿ ಎರಡು ಕಡೆ ಒಂಟಿ ಹಳಿ. ಎದುರಿನ ರೈಲು ಬರುವ ತನಕ ಇನ್ನೊಂದು ಕಾಯಬೇಕು. ಅಲ್ಲಿ ತಡವಾದ ರೈಲು ಸ್ಟೀಲ್ ಬ್ರಿಡ್ಜಿಗೆ ತಡವಾಗಿ ಬಂದು ಮಿಕ್ಕ ಎಲ್ಲವನ್ನೂ ತಡ ಮಾಡುತ್ತಿತ್ತು. ಈಗ ಜೋಡಿ ಹಳಿ ಹಾಕಿ, ಪೇಟೆ ಕಡೆ ಹೋಗುವ ರೆಡ್ ಲೈನ್‌ಗೆ ಬೇರೆ ಪ್ಲಾಟ್‌ಫಾರ್ಮ್ ಕಟ್ಟಿದ್ದಾರೆ. ದಾರಿ ತಪ್ಪದಿದ್ದರೆ ಇದು ನನ್ನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಹೀಗೆ ಹೇಳಿಕೊಂಡು ಸಮಾಧಾನ ಮಾಡಿಕೊಂಡೆ.

ಬ್ಲೂ ಲೈನ್ ರೈಲಿನ ಹಿಂದಿನ ಬೋಗಿ ಬಾಗಿಲು ತೆರೆದಾಗ ಎದುರಿಗೆ ಮೆಟ್ಟಿಲು. ನನ್ನ ಮೊಣಕಾಲು ತಕ್ಷಣ ಮುಂದಿನ ಬೋಗಿಗೆ ಓಡು ಅಂದಿತು. ಅಷ್ಟರಲ್ಲಿ ಬಾಗಿಲು ಮುಚ್ಚುವ ಸೂಚನೆ ಬಂತು, ಕಂಬಿ ಹಿಡಿದು ಹತ್ತಿದೆ. ಪಕ್ಕದಲ್ಲಿ ನನಗಿಂತ ಹಿರಿಯ ಹೆಂಗಸು. ಆಕೆ ನಕ್ಕು, ಇದು 1986ರ ಬೋಗಿ, ಇನ್ನೇನು ಇವಕ್ಕೆಲ್ಲ ನಿವೃತ್ತಿ ಅಂದರು. ಆಗ ಮೊದಲ ಲೈನ್‌ಗೆಂದು 26 ಬೋಗಿ ತರಿಸಿದ್ದರು. ಎಲ್ಲವಕ್ಕೂ ಮೆಟ್ಟಿಲು. ಆಕೆಯ ತಾಯಿ ಗಾಲಿಕುರ್ಚಿಯಲ್ಲಿದ್ದವರು. ಆಗ ಪ್ರತಿ ಪ್ಲಾಟ್‌ಫಾರ್ಮಿನಲ್ಲೂ ಒಂದು ಎತ್ತುವ ಯಂತ್ರ ಇತ್ತಂತೆ. ಡ್ರೈವರ್ ಎದ್ದು ಬಂದು, ಕುರ್ಚಿಯನ್ನು ಯಂತ್ರಕ್ಕೇರಿಸಿ, ಮೇಲೆತ್ತಿ, ಒಳಗೆ ತಳ್ಳುವ ತನಕ ಇಡೀ ರೈಲು ಕಾಯಬೇಕು. "ಎಲ್ಲರೂ ಗಡಿಯಾರ ನೋಡೋರು. ಅಮ್ಮ ಆಮೇಲೆ ಬರೋದೇ ಬಿಟ್ಟಳು" ಅಂದರು. ತಗ್ಗಿನ ನೆಲದ ಬೋಗಿ ಬಂದಿದ್ದು 1997ರಲ್ಲಿ. ಇಡೀ ಉತ್ತರ ಅಮೆರಿಕದಲ್ಲೇ ಅಂಥದ್ದು ಮೊದಲು ಓಡಿದ್ದು ಇಲ್ಲಿ. ಆಮೇಲೆ ಪ್ರತಿ ರೈಲಿಗೂ ಒಂದಾದರೂ ಹೊಸದು ಇರುವಂತೆ ಜೋಡಿ ಮಾಡಿದರು. ಆಕೆಯ ತಾಯಿ ಅದನ್ನು ಹತ್ತಿದರಾ ಅಂತ ಕೇಳಬೇಕು ಅಂದುಕೊಂಡೆ. ಆಕೆ ಕಿಟಕಿ ಕಡೆ ತಿರುಗಿದ್ದರು. ಸುಮ್ಮನಾದೆ.

ಗ್ರೆಶಮ್‌ನಲ್ಲಿ ನೋಡುವಂಥದ್ದು ಹೆಚ್ಚಿಲ್ಲ. ಈ ಲೈನ್ ಹುಟ್ಟಿದ ಕಥೆಯೇ ನೋಡುವಂಥದ್ದು. 1943ರಲ್ಲಿ ಪೋರ್ಟ್‌ಲ್ಯಾಂಡಿನವರು ನ್ಯೂಯಾರ್ಕಿನ ರಸ್ತೆಗಳ ದೊರೆ ರಾಬರ್ಟ್ ಮೋಸೆಸ್‌ನನ್ನು ಕರೆಸಿ ಯೋಜನೆ ಮಾಡಿಸಿದ್ದರು. ಅದರ ಬೀಜದಿಂದ ಬೆಳೆದದ್ದು ಮೌಂಟ್ ಹುಡ್ ಹೆದ್ದಾರಿಯ ಯೋಜನೆ. ಆಗ್ನೇಯ ಪೋರ್ಟ್‌ಲ್ಯಾಂಡಿನ ಸುಮಾರು 1,700 ಮನೆ ಕೆಡವಿ ಹೋಗಬೇಕಿದ್ದ ರಸ್ತೆ. ಜನ ಬೀದಿಗಿಳಿದರು, ಕೋರ್ಟಿಗೆ ಹೋದರು. 1974ರಲ್ಲಿ ನಗರಸಭೆ ಬೇಡ ಅಂದುಬಿಟ್ಟಿತು. ಅದೃಷ್ಟಕ್ಕೆ ಅದರ ಹಿಂದಿನ ವರ್ಷವೇ ದೆಹಲಿಯಂತಿರುವ ಅವರ ವಾಷಿಂಗ್ಟನ್‌ನಲ್ಲಿ ಕಾನೂನು ಬದಲಾಗಿತ್ತು. ಹೆದ್ದಾರಿಗೆ ಕೊಟ್ಟ ದುಡ್ಡನ್ನು ಬಸ್ಸು, ರೈಲಿಗೂ ಬಳಸಬಹುದು ಅಂತ. ಕಟ್ಟದ ರಸ್ತೆಯ ದುಡ್ಡಲ್ಲಿ ಒಂದು ಪಾಲು ಹೀಗೆ ಹಳಿಯಾಯಿತು. 15 ಮೈಲಿಯ ಮೊದಲ ಲೈನ್ 1986ರ ಸೆಪ್ಟೆಂಬರ್ 5ಕ್ಕೆ ಶುರು.

ತಮಾಷೆ ಏನು ಗೊತ್ತಾ? ಹೆದ್ದಾರಿಯಿಂದ ಉಳಿದುಕೊಂಡ ಆ ಆಗ್ನೇಯದ ಬೀದಿಗಳ ಮೇಲೆ ಈ ರೈಲು ಹೋಗುವುದೇ ಇಲ್ಲ. ಗೇಟ್‌ವೇ ತನಕ ಅದು ಹೋಗುವುದು ಉತ್ತರದಲ್ಲಿ ಮೊದಲೇ ಇದ್ದ ಇನ್ನೊಂದು ಹೆದ್ದಾರಿಯ ಅಂಚಿನಲ್ಲಿ. ಅಲ್ಲಿ ಜಾಗ ಸುಲಭ, ಜಗಳ ಕಡಿಮೆ. ಆದರೆ ನಿಲ್ದಾಣದಿಂದ ಹೊರಬಂದರೆ ಎದುರಿಗೆ ಮನೆ ಅಂಗಡಿ ಬದಲು ಆರು ಸಾಲು ಕಾರು.

ಐದನೇ ದಿನ

ವಾಷಿಂಗ್ಟನ್ ಪಾರ್ಕ್ ನಿಲ್ದಾಣ. ಮೊದಲ ದಿನ ರೈಲು ನುಗ್ಗಿದ ಗುಡ್ಡದ ಹೊಟ್ಟೆಯೊಳಗೆ ಇದೆ. ಮೇಲೆ ಪ್ರಾಣಿ ಸಂಗ್ರಹಾಲಯ, ಕೆಳಗೆ 260 ಅಡಿ ಆಳದಲ್ಲಿ ಪ್ಲಾಟ್‌ಫಾರ್ಮ್. ಉತ್ತರ ಅಮೆರಿಕದಲ್ಲಿ ಇದಕ್ಕಿಂತ ಆಳದ ನಿಲ್ದಾಣ ಇಲ್ಲ. ಪಶ್ಚಿಮದ ಲೈನ್‌ಗಾಗಿ ಸುಮಾರು ಮೂರು ಮೈಲಿಯ ಜೋಡಿ ಸುರಂಗ ಕೊರೆದರು. 1998ರಲ್ಲಿ ಹಿಲ್ಸ್‌ಬರೋ ತನಕ ರೈಲು ಬಂತು. ಕೊರೆಯುವ ಯಂತ್ರಕ್ಕೆ ಗಟ್ಟಿ ಕಲ್ಲು ಕಷ್ಟವಾಗಲಿಲ್ಲವಂತೆ, ಒಡೆದು ಪುಡಿಯಾದ ಕಲ್ಲು ಕಷ್ಟ ಕೊಟ್ಟಿತಂತೆ.

ರೈಲು ಬರುವ ಮೊದಲು ಸುರಂಗದಿಂದ ತಣ್ಣನೆ ಗಾಳಿ ನುಗ್ಗಿ ಬರುತ್ತದೆ. ಸೆರಗು ಹಿಡಿದುಕೊಂಡೆ. ಪ್ಲಾಟ್‌ಫಾರ್ಮಿನ ಗೋಡೆಯುದ್ದಕ್ಕೂ ಗಾಜಿನ ಕೊಳವೆಯಲ್ಲಿ ಕಲ್ಲಿನ ಸರಳು ಮಲಗಿಸಿಟ್ಟಿದ್ದಾರೆ. ಗುಡ್ಡದ ನೆತ್ತಿಯಿಂದ ಕೊರೆದು ತೆಗೆದದ್ದು. ಬೂದು, ಕಪ್ಪು, ತುಕ್ಕಿನ ಕೆಂಪು. ಒಂದು ಕಡೆ ಬೂದು ಮಣ್ಣು, ನಡೆಯುತ್ತಾ ಹೋದರೆ ಸುಮಾರು ಒಂದೂವರೆ ಕೋಟಿ ವರ್ಷ ಹಿಂದೆ ಲಾವಾ ಹರಿದು ಆದ ಕಪ್ಪು ಕಲ್ಲು. ಪಕ್ಕದ ಗೋಡೆಯ ಮೇಲೆ ಆಯಾ ಕಾಲದ ಚಿತ್ರ, ಗುರುತು ಕೆತ್ತಿದ್ದಾರೆ.

ಅಲ್ಲೇ ಒಂದು ಕಡೆ ಅಂಕಿಗಳ ಸಾಲು. 3.1415926535. ಪೈ! ಹಳೇ ಗೆಳತಿ ಸಿಕ್ಕ ಹಾಗಾಯಿತು. ಬೆರಳಿಟ್ಟು ಓದುತ್ತಾ ಹೋದೆ. ಹತ್ತು ಅಂಕಿ ದಾಟಿ 8 ಬಂತು. ಅದರ ಮುಂದೆ 9 ಬರಬೇಕು, 7 ಬರಬೇಕು, 9 ಬರಬೇಕು. ಬಂದಿದ್ದು ಬೇರೆ. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ. ತಪ್ಪೇ. ನಮ್ಮ ಎಂಟನೇ ಕ್ಲಾಸಿನ ಮಕ್ಕಳು 'ಎಂಟು ಒಂಬತ್ತು ಏಳು ಒಂಬತ್ತು' ಅಂತ ರಾಗ ಕಟ್ಟಿ ಹಾಡುತ್ತಿದ್ದರು, ನನಗೆ ತಪ್ಪುತ್ತದೆಯೇ? ಗೋಡೆಗೆ ಕೆಂಪು ಶಾಯಿಯಲ್ಲಿ ಸುತ್ತು ಹಾಕುವಷ್ಟು ಕೈ ತುರಿಸಿತು. ರಾತ್ರಿ ಮಗಳಿಗೆ ಹೇಳಿದರೆ ಅವಳು ಹುಡುಕಿ ನೋಡಿ ನಗಲು ಶುರು ಮಾಡಿದಳು. ಪುಸ್ತಕದಲ್ಲಿ ಹತ್ತು ಹತ್ತು ಅಂಕಿಯ ಗುಂಪು ಮಾಡಿ ಅಡ್ಡಸಾಲಿನಲ್ಲಿ ಅಚ್ಚು ಹಾಕಿದ್ದನ್ನು, ಕಲಾವಿದರು ಮೇಲಿನಿಂದ ಕೆಳಗೆ ಓದಿಕೊಂಡು ಕೆತ್ತಿಬಿಟ್ಟಿದ್ದಾರಂತೆ. ಆ ಕಂಬಸಾಲು, ಅಡ್ಡಸಾಲಿನ ಗೊಂದಲ ನನ್ನ ಮಕ್ಕಳಿಗೂ ಇತ್ತು. ಪಾಪ, ಅವರದನ್ನು ಯಾರೂ ಕಲ್ಲಿನಲ್ಲಿ ಕೆತ್ತಿಸಲಿಲ್ಲ.

ಲಿಫ್ಟಿನಲ್ಲಿ ಮೇಲೆ ಬಂದೆ. ಅದರಲ್ಲಿ ಮಹಡಿಯ ಸಂಖ್ಯೆ ಇಲ್ಲ. ಸಮುದ್ರ ಮಟ್ಟದಿಂದ ಎಷ್ಟು ಅಡಿ ಅಂತ ತೋರಿಸುತ್ತದೆ. ಈ ಲೆಕ್ಕ ಸರಿಯಿತ್ತು.

ಆರನೇ ದಿನ

ಮಳೆ. ಮನೆಯಲ್ಲೇ. ಮ್ಯಾಕ್ಸ್ ನಕ್ಷೆ ಮುಂದಿಟ್ಟುಕೊಂಡು ಪೆನ್ಸಿಲ್‌ನಲ್ಲಿ ಗೀಚುತ್ತಿದ್ದೆ. ಐದು ಲೈನ್, ಸುಮಾರು 60 ಮೈಲಿ. ಅದು ಅಚ್ಚಾಗಿದೆ. ಅಚ್ಚಾಗದೇ ಇದ್ದದ್ದನ್ನು ಚುಕ್ಕೆ ಹಾಕಿ ಸೇರಿಸಿದೆ. ನೈರುತ್ಯಕ್ಕೆ ಟೈಗರ್ಡ್ ಕಡೆ ಹೋಗಬೇಕಿದ್ದ ಲೈನ್: 2020ರ ನವೆಂಬರ್‌ನಲ್ಲಿ ತೆರಿಗೆಗೆ ಮತ ಕೇಳಿದರು, ಜನ ಬೇಡ ಅಂದರು. ಉತ್ತರಕ್ಕೆ ಕೊಲಂಬಿಯಾ ನದಿ ದಾಟಿ ವಾಷಿಂಗ್ಟನ್ ರಾಜ್ಯದ ವ್ಯಾಂಕೂವರ್‌ಗೆ: 1995ರಲ್ಲಿ ಆಚೆ ದಡದವರು ಬೇಡ ಅಂದರು. 1998ರಲ್ಲಿ ಈಚೆ ದಡದವರೂ ಬೇಡ ಅಂದರು. ಇಲ್ಲಿ ಹಳಿ ಹಾಕುವ ಮೊದಲು ಜನರನ್ನು ಕೇಳುತ್ತಾರೆ. ಜನ ಕೆಲವು ಸಲ ಹೂಂ ಅನ್ನುತ್ತಾರೆ, ಕೆಲವು ಸಲ ಊಹೂಂ. ಎಲ್ಲಿ ಊಹೂಂ ಬಂತೋ ಅಲ್ಲಿ ಬಣ್ಣದ ಗೆರೆ ನಿಂತಿದೆ.

ಏಳನೇ ದಿನ

ಹಾಗೆ ನಿಂತುಹೋದ ಒಂದು ತುದಿಯನ್ನು ನೋಡಲು ಹೋದೆ. ಯೆಲ್ಲೋ ಲೈನ್, ಎಕ್ಸ್‌ಪೋ ಸೆಂಟರ್. 1998ರ ಸೋಲಿನ ಮೇಲೆ ಹೊಸ ತೆರಿಗೆ ಕೇಳದೆ, ಇಂಟರ್‌ಸ್ಟೇಟ್ ಅವೆನ್ಯೂ ನಡುವೆಯೇ ಹಳಿ ಹಾಕಿ, 2004ರ ಮೇ 1ಕ್ಕೆ ಇದನ್ನು ಶುರು ಮಾಡಿದರು. ದೊಡ್ಡ ಹೆದ್ದಾರಿ ಅತ್ತ ಕಡೆಗೆ ಬಂದ ಮೇಲೆ ಸೊರಗಿದ್ದ ಹಳೇ ರಸ್ತೆ ಇದು. ಗ್ರೆಶಮ್ ಲೈನ್‌ನಂತಲ್ಲ, ಇಳಿದರೆ ನೇರ ಬೀದಿಗೇ ಇಳಿಯುತ್ತೀರಿ. ಕೆಂಟನ್ ಅನ್ನುವ ಕಡೆ 31 ಅಡಿಯ ಮರಕಡಿಯುವವನ ಬೊಂಬೆ ಇದೆ. ಪಾಲ್ ಬನ್ಯನ್, ಅಮೆರಿಕದ ಜನಪದ ಕಥೆಗಳ ದೈತ್ಯ. ರೈಲಿಗಾಗಿ ಅವನನ್ನೂ ಸ್ವಲ್ಪ ಪಕ್ಕಕ್ಕೆ ಸರಿಸಿದರಂತೆ.

ಕೊನೆಯ ನಿಲ್ದಾಣದಲ್ಲಿ ನನ್ನ ಜೊತೆ ಇಳಿದವರು ಇಬ್ಬರೇ. ಸುತ್ತ ಪಾರ್ಕಿಂಗ್ ಬಯಲು, ದೊಡ್ಡ ಶೆಡ್ಡುಗಳು. ಗಾಳಿ ಜೋರಿತ್ತು. ಎಲ್ಲೋ ಗೆಜ್ಜೆಯ ಸದ್ದು. ನೋಡಿದರೆ ಜಪಾನಿನ ದೇವಸ್ಥಾನದ ಮುಂದಿರುವಂಥ ಮರದ ಹೆಬ್ಬಾಗಿಲುಗಳು, ಪ್ಲಾಟ್‌ಫಾರ್ಮಿನ ಬಳಿಯೇ. ಅವಕ್ಕೆ ಸಾಲುಸಾಲಾಗಿ ಲೋಹದ ಬಿಲ್ಲೆಗಳನ್ನು ಕಟ್ಟಿದ್ದಾರೆ. ಲಗೇಜಿಗೆ ಕಟ್ಟುವ ಚೀಟಿಯ ಆಕಾರ. ಗಾಳಿ ಬಂದಾಗಲೆಲ್ಲ ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು.

1942ರಲ್ಲಿ, ಜಪಾನ್ ಜೊತೆ ಯುದ್ಧ ಶುರುವಾದ ಮೇಲೆ, ಈ ಜಾಗದ ದನದ ಜಾತ್ರೆಯ ಶೆಡ್ಡಿನಲ್ಲಿ ಸುತ್ತಮುತ್ತಲ ಜಪಾನಿ ಮೂಲದವರನ್ನು ತಂದು ಕೂಡಿಹಾಕಿದ್ದರು. 3,500ಕ್ಕೂ ಹೆಚ್ಚು ಜನ. ಹೆಚ್ಚಿನವರು ಅಮೆರಿಕದಲ್ಲೇ ಹುಟ್ಟಿದವರು. ಸಗಣಿಯ ಮೇಲೆ ಹಲಗೆ ಹಾಸಿ, ದನದ ಕೊಟ್ಟಿಗೆಗಳನ್ನು ಮನೆ ಮಾಡಿ ಕೊಟ್ಟಿದ್ದರು. ಕುಟುಂಬಕ್ಕೊಂದು ಸಂಖ್ಯೆ, ಆ ಸಂಖ್ಯೆಯ ಚೀಟಿ ಕೊರಳಿಗೆ. ಬಿಲ್ಲೆಗಳು ಆ ಚೀಟಿಗಳ ನೆನಪಿಗೆ. ವ್ಯಾಲರಿ ಒಟಾನಿ ಅನ್ನುವ ಕಲಾವಿದೆ ಮಾಡಿದ್ದು.

ವಾಪಸ್ ಹೋಗುವ ರೈಲು ಅಲ್ಲೇ ಬಾಗಿಲು ತೆರೆದು ನಿಂತಿತ್ತು. ಹತ್ತಲಿಲ್ಲ. ಮುಂದಿನದಕ್ಕೂ ಹತ್ತಲಿಲ್ಲ. ಒಂದು ಬಿಲ್ಲೆಯನ್ನು ಬೆರಳಲ್ಲಿ ಹಿಡಿದರೆ ಅದು ಸುಮ್ಮನಾಗುತ್ತಿತ್ತು, ಬಿಟ್ಟರೆ ಮತ್ತೆ ಸದ್ದು.

ಹಳಿ ಮುಗಿಯುವ ಜಾಗದಿಂದ ಉತ್ತರಕ್ಕೆ ಸ್ವಲ್ಪ ದೂರದಲ್ಲೇ ಕೊಲಂಬಿಯಾ ನದಿ. ಆಚೆ ದಡ ವ್ಯಾಂಕೂವರ್. ನಡುವಿನ ಹೆದ್ದಾರಿ ಸೇತುವೆಯ ಒಂದು ಭಾಗ 1917ರದ್ದು. ಹೊಸದು ಕಟ್ಟುವ ಮಾತು, ಅದರ ಮೇಲೆ ಮ್ಯಾಕ್ಸ್ ಒಯ್ಯುವ ಮಾತು ಬಹಳ ವರ್ಷದಿಂದ ಇದೆ. 2013ರಲ್ಲಿ ಒಮ್ಮೆ ಅದು ಬಿದ್ದೇ ಹೋಯಿತು, ರೈಲು ಬೇಕೋ ಬೇಡವೋ ಅನ್ನುವ ಜಗಳವೂ ಅದಕ್ಕೊಂದು ಕಾರಣ. ಈಗ ಮತ್ತೆ ಹೊಸ ಯೋಜನೆ, ಮತ್ತೆ ಅದರಲ್ಲಿ ರೈಲು.

ಎಂಟನೇ ದಿನ, ಭಾನುವಾರ

ಅಳಿಯಂದಿರು ಸಿಯಾಟಲ್‌ನಿಂದ ಬಂದಿದ್ದರು. "ಅತ್ತೆ, ಇವತ್ತು ಎಲ್ಲಿಗೆ ಹೋಗೋಣ ಹೇಳಿ, ಕಾರು ತೆಗೀತೀನಿ" ಅಂದರು. ಕಾರು ಹೋಗಲಾಗದ ಸೇತುವೆಗೆ ಅಂದೆ. ಅವರು ಮಗಳ ಮುಖ ನೋಡಿದರು.

ಸೇತುವೆಯ ಹೆಸರು ಟಿಲಿಕಮ್ ಕ್ರಾಸಿಂಗ್. ಇಲ್ಲಿನ ಮೂಲನಿವಾಸಿಗಳೂ ವ್ಯಾಪಾರಕ್ಕೆ ಬಂದವರೂ ಹಿಂದೆ ಆಡುತ್ತಿದ್ದ ಚಿನೂಕ್ ಮಾತಿನಲ್ಲಿ ಟಿಲಿಕಮ್ ಅಂದರೆ ಜನ. ಆರೆಂಜ್ ಲೈನ್ ಜೊತೆಗೆ 2015ರ ಸೆಪ್ಟೆಂಬರ್‌ನಲ್ಲಿ ತೆರೆಯಿತು. 1,720 ಅಡಿ ಉದ್ದ. ರೈಲು, ಬಸ್ಸು, ಸೈಕಲ್ಲು, ನಡೆಯುವವರು, ಆಂಬುಲೆನ್ಸ್. ಸ್ವಂತ ಕಾರಿಗೆ ಮಾತ್ರ ಪ್ರವೇಶ ಇಲ್ಲ. ಲೈನ್ ಅಲ್ಲಿಂದ ಮಿಲ್ವಾಕೀ ಕಡೆ ಹೋಗುತ್ತದೆ. 1893ರಷ್ಟು ಹಿಂದೆಯೇ ಆ ದಿಕ್ಕಿಗೆ ಒರೆಗಾನ್ ಸಿಟಿ ತನಕ ಕರೆಂಟಿನ ರೈಲಿತ್ತು. 1958ರಲ್ಲಿ ಅದನ್ನು ನಿಲ್ಲಿಸಿದರು. ನಿಲ್ಲಿಸಿದ್ದನ್ನೇ ಮತ್ತೆ ಕಟ್ಟಲು ಈಗ 7.3 ಮೈಲಿಗೆ ಸುಮಾರು 150 ಕೋಟಿ ಡಾಲರ್ ಬೇಕಾಯಿತು.

ಒರೆಂಕೋ ಪ್ಲಾಟ್‌ಫಾರ್ಮಿನಲ್ಲಿ ಅಳಿಯಂದಿರು ಜೇಬಿನಲ್ಲಿ ಏನೋ ಹುಡುಕುತ್ತಾ ನಿಂತರು. ನಾಲ್ಕು ವರ್ಷದಿಂದ ಈ ಊರಿನಲ್ಲಿದ್ದಾರೆ.

"ಅತ್ತೆ, ಎಲ್ಲಿ ಟಿಕೆಟ್ ತಗೋಬೇಕು?"

"ನಿಮ್ಮ ಬ್ಯಾಂಕಿನ ಕಾರ್ಡೇ ಸಾಕು. ಆ ಕಂಬಕ್ಕೆ ತಾಗಿಸಿ."

ತಾಗಿಸಿದರು. ಸದ್ದು ಬರಲಿಲ್ಲ. ಪರ್ಸಿನೊಳಗೆ ಎರಡು ಕಾರ್ಡು ಒಟ್ಟಿಗೆ ಇದ್ದವು. ಒಂದನ್ನು ಹೊರಗೆ ತೆಗೆಸಿ, ಮತ್ತೆ ತಾಗಿಸಲು ಹೇಳಿದೆ. ಟುಂಯ್ ಅಂದಿತು. ಅವರ ಮುಖದಲ್ಲಿ ನಗು ಬಂತು.

ಸೇತುವೆ ಮುಟ್ಟುವಾಗ ಕತ್ತಲಾಗುತ್ತಿತ್ತು. ಈ ಸೇತುವೆಯ ದೀಪಗಳ ಬಣ್ಣವನ್ನು ನದಿಯೇ ನಿರ್ಧರಿಸುತ್ತದೆ. ನೀರಿನ ಬಿಸಿ, ಹರಿವಿನ ವೇಗ, ಎತ್ತರ ನೋಡಿಕೊಂಡು ಬದಲಾಗುತ್ತದೆ. ಅಳಿಯಂದಿರು ಕಂಬಿಗೆ ಒರಗಿ ದಕ್ಷಿಣ ದಿಕ್ಕಿಗೆ ನೋಡುತ್ತಿದ್ದರು. ಮುಂದಿನ ಸೇತುವೆಯ ಮೇಲೆ ಕಾರುಗಳ ಕೆಂಪು ದೀಪಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಹಿಂದಿನಿಂದ ಗಂಟೆ ಹೊಡೆಯಿತು. ಎರಡು ಬೋಗಿಯ ರೈಲು ನಮ್ಮ ಪಕ್ಕದಲ್ಲೇ ಹಾದು ಹೋಯಿತು. ಒಳಗೆ ಒಬ್ಬ ಹುಡುಗ ಸೈಕಲ್ಲನ್ನು ಕೊಕ್ಕೆಗೆ ನೇತುಹಾಕಿ, ಅದರ ಚಕ್ರವನ್ನು ಸುಮ್ನೆ ತಿರುಗಿಸುತ್ತಾ ಕೂತಿದ್ದ.

"ಮುಂದಿನ ರೈಲು ಎಷ್ಟು ಹೊತ್ತಿಗೆ ಅತ್ತೆ?" ಅಂದರು.

"ಹದಿನೈದು ನಿಮಿಷ" ಅಂದೆ. "ಆ ದಡದ ತನಕ ನಡೆದು ಹೋಗೋಣ, ಸರಿಯಾಗಿ ಸಿಗುತ್ತೆ."